ಎರಡು ಕಿವಿಯ ಯಂತ್ರ

“ಬುದ್ಧಿ, ತಿಳಿದವರಿಬ್ಬರು ಎರಡು ಮಾತು ಆಡಿದರೆ ಯಾವುದನ್ನು ಹಿಡಿಯಬೇಕು?” ಎಂದು ಶಿಷ್ಯ ಕೇಳಿದ.

ಮಠದ ಗುರುಗಳಿಗೆ ವಯಸ್ಸಾಗಿತ್ತು. ಸುತ್ತಲ ಊರವರ ವ್ಯಾಜ್ಯ ಕೇಳಿ ತೀರ್ಪು ಹೇಳುವ ಕೆಲಸವನ್ನು ಅವರು ಈ ಶಿಷ್ಯನಿಗೆ ವಹಿಸಿದ್ದರು. ಅವನ ಎಡಬಲಕ್ಕೆ ಇಬ್ಬರು ಹಿರಿಯರು ಕೂರುತ್ತಿದ್ದರು. ಒಬ್ಬರು ಎಲ್ಲವನ್ನೂ ದೂರದಿಂದ ಒಟ್ಟಾಗಿ ನೋಡುವವರು. ಇನ್ನೊಬ್ಬರು ಸಣ್ಣದೊಂದನ್ನು ಹಿಡಿದು ಕೆದಕುವವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಹೊತ್ತು ಮುಳುಗಿದರೂ ತೀರ್ಪು ಹೊರಡುತ್ತಿರಲಿಲ್ಲ.

ಅದಕ್ಕೆ ಶಿಷ್ಯ ಒಂದು ಕಟ್ಟಳೆ ಮಾಡಿದ್ದ. ಇಬ್ಬರೂ ಒಪ್ಪಿದ ಮಾತು ಮಾತ್ರ ತೀರ್ಪಿಗೆ ಬರಬೇಕು. ಒಬ್ಬರೇ ಹೇಳಿದ್ದನ್ನು ಹೇಳಲಿಲ್ಲವೆಂದೇ ತಿಳಿಯಬೇಕು. ಈಗ ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ವಾದವಿಲ್ಲ, ಕೂಗಾಟವಿಲ್ಲ, ಬಂದವರು ಕೈಮುಗಿದು ಹೋಗುತ್ತಿದ್ದರು. ಶಿಷ್ಯ ಇದನ್ನೆಲ್ಲ ವಿವರಿಸಿ, ತಾನು ಮಾಡಿದ್ದು ಸರಿ ತಾನೇ ಎನ್ನುವಂತೆ ಗುರುಗಳ ಮುಖ ನೋಡಿದ.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪುರಾಣದ ಕತೆ ಹೇಳಿದರೆ ನೀನು ತೂಕಡಿಸುತ್ತೀಯ, ಈ ಕಾಲದ್ದೇ ಒಂದು ಹೇಳುತ್ತೇನೆ ಕೇಳು ಎಂದು ಶುರು ಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಯಂತ್ರಗಾರನಿದ್ದ. ಆಸ್ಪತ್ರೆಗಳಿಗೆ ಸ್ಕ್ಯಾನ್ ಯಂತ್ರ ಮಾಡಿಕೊಡುವುದು ಅವನ ಕಸುಬು. ಬಸುರಿಯರ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಒಂದು ಹಿಡಿಯನ್ನು ಆಡಿಸುತ್ತಾರಲ್ಲ, ಅದೇ ಯಂತ್ರ. ಅದು ಒಳಗನ್ನು ಕಣ್ಣಿಂದ ನೋಡುತ್ತದೆ ಎಂದು ಜನ ತಿಳಿದಿದ್ದಾರೆ. ಅದಕ್ಕೆ ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಇರುವುದು ಬಾಯಿ ಮತ್ತು ಕಿವಿ. ನಮ್ಮ ಕಿವಿಗೆ ನಿಲುಕದ ದನಿಯಲ್ಲಿ ಅದು ಮೈಯೊಳಕ್ಕೆ ಕೂಗು ಹಾಕುತ್ತದೆ. ಆ ಕೂಗು ಒಳಗಿನ ಮಾಂಸಕ್ಕೆ, ಕಲ್ಲಿಗೆ, ಗೆಡ್ಡೆಗೆ ತಾಗಿ ಹಿಂದಕ್ಕೆ ಬರುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುವುದಿಲ್ಲವೇ, ಹಾಗೆ. ತಿರುಗಿ ಬಂದ ದನಿಯನ್ನು ಕೇಳಿಯೇ ಯಂತ್ರ ಚಿತ್ರ ಬರೆಯುತ್ತದೆ.

ಮೊದಲೆಲ್ಲ ಅವನ ಯಂತ್ರಕ್ಕೆ ಒಂದೇ ಕಿವಿ ಇತ್ತು. ಹರಳಿನಿಂದ ಮಾಡಿದ್ದು. ಕೂಗುವುದೂ ಅದೇ, ಕೇಳುವುದೂ ಅದೇ. ಗಟ್ಟಿಯಾಗಿ ಕೂಗುವವರಿಗೆ ಸಣ್ಣ ದನಿ ಕೇಳಿಸುವುದು ಕಷ್ಟ, ನಮ್ಮ ನಡುವೆಯೂ ಹಾಗೇ ತಾನೇ. ಹರಳಿನ ಕಿವಿ ಮೈಯ ಆಳಕ್ಕೆ ಮುಟ್ಟುತ್ತಿತ್ತು, ಆದರೆ ಸಾಸಿವೆಯಷ್ಟು ಚಿಕ್ಕದನ್ನು ಬಿಟ್ಟುಬಿಡುತ್ತಿತ್ತು. ಇದು ಯಂತ್ರಗಾರನನ್ನು ಕೊರೆಯುತ್ತಿತ್ತು. ಗೆಡ್ಡೆ ಸಾಸಿವೆಯಷ್ಟಿರುವಾಗ ಸಿಕ್ಕಿದರೆ ಕತ್ತರಿಸಿ ತೆಗೆಯಬಹುದು. ನಿಂಬೆಹಣ್ಣಿನಷ್ಟಾದ ಮೇಲೆ ಸಿಕ್ಕಿದರೆ ದೇವರಿಗೆ ಕೈಮುಗಿಯಬಹುದು, ಅಷ್ಟೇ.

ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಇನ್ನೊಂದು ಬಗೆಯ ಕಿವಿ ಮಾಡಿದ. ಕೂದಲಿನಷ್ಟು ತೆಳುವಾದ ಗಾಜಿನ ಎಳೆ, ಅದರೊಳಗೆ ಬೆಳಕು. ದನಿ ತಾಗಿದರೆ ಎಳೆ ನಡುಗುತ್ತದೆ, ಎಳೆ ನಡುಗಿದರೆ ಬೆಳಕು ನಡುಗುತ್ತದೆ. ಇದಕ್ಕೆ ಕೂಗಲು ಬಾರದು, ಕೇಳಲು ಮಾತ್ರ ಬರುತ್ತದೆ. ಆದರೆ ಎಂಥ ಕಿವಿ ಅಂತೀಯ, ಇರುವೆ ನಡೆದರೂ ಕೇಳಬೇಕು. ಹರಳು ಕೂಗಲಿ, ಎರಡೂ ಸೇರಿ ಕೇಳಲಿ ಎಂದು ಅವನು ಒಂದೇ ಹಿಡಿಯಲ್ಲಿ ಎರಡನ್ನೂ ಕೂರಿಸಿದ. ಒಂದಕ್ಕೆ ಕೇಳಿಸದ್ದು ಇನ್ನೊಂದಕ್ಕೆ ಕೇಳಿಸಲಿ ಎಂಬುದೇ ಅವನ ಆಸೆಯಾಗಿತ್ತು. ಬೇರೆ ಆಸೆ ಇರಲಿಲ್ಲ. ಇದನ್ನು ನೀನಾದರೂ ನೆನಪಿಟ್ಟುಕೋ, ಅವನು ಮರೆತ.

ಯಂತ್ರವನ್ನು ಒಂದು ದೊಡ್ಡ ಆಸ್ಪತ್ರೆಗೆ ಒಯ್ದ. ಅಲ್ಲಿನ ಹಿರಿಯ ವೈದ್ಯ ಚಿತ್ರ ನೋಡಿ ಮುಖ ಕಿವುಚಿದ. ಚಿತ್ರದ ತುಂಬ ಚುಕ್ಕಿ. ಗಾಜಿನ ಕಿವಿ ಗೆಡ್ಡೆಯ ದನಿಯನ್ನೂ ಕೇಳುತ್ತಿತ್ತು, ರೋಗಿಯ ಉಸಿರನ್ನೂ ಕೇಳುತ್ತಿತ್ತು, ಕರುಳಿನ ಗುಡುಗುಡು, ಮಂಚದ ಕಿರಕಿರ ಯಾವುದನ್ನೂ ಬಿಡುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಚುಕ್ಕಿ ಮಾಡಿ ಬರೆಯುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಯಂತ್ರಗಾರನಿಗೆ ಅದೂ ಚೆಂದವೇ. ವೈದ್ಯ ಮಾತ್ರ, ಇದೇನಯ್ಯಾ ಹಪ್ಪಳದ ಮೇಲೆ ಎಳ್ಳು ಚೆಲ್ಲಿದ್ದೀಯ, ಇದರಲ್ಲಿ ರೋಗ ಯಾವುದು ಎಳ್ಳು ಯಾವುದು ಎಂದು ನಗಾಡಿದ. ಯಂತ್ರಗಾರನ ಮುಖ ಸಪ್ಪಗಾಯಿತು.

ಆ ಆಸ್ಪತ್ರೆಯಲ್ಲಿ ಒಂದು ವಾಡಿಕೆ ಇತ್ತು. ಯಾವ ಚಿತ್ರವನ್ನಾದರೂ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ನೋಡಬೇಕು. ಇಬ್ಬರಿಗೂ ಕಂಡದ್ದನ್ನು ಮಾತ್ರ ರೋಗಿಗೆ ಹೇಳಬೇಕು. ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ ಆ ಮಾತು ಆ ಕೋಣೆಯಲ್ಲೇ ಸಾಯಬೇಕು. ಹಿಂದೆ ಯಾವಾಗಲೋ ಒಬ್ಬ ವೈದ್ಯ ತನಗೊಬ್ಬನಿಗೇ ಕಂಡದ್ದನ್ನು ನಂಬಿ, ಗಟ್ಟಿಮುಟ್ಟಾಗಿದ್ದವನ ಹೊಟ್ಟೆ ಕೊಯ್ಯಿಸಿದ್ದನಂತೆ. ಒಳಗೆ ಏನೂ ಇರಲಿಲ್ಲ. ಅಂದಿನಿಂದ ಬಂದ ವಾಡಿಕೆ ಇದು. ಒಳ್ಳೆಯ ಮನಸ್ಸಿನಿಂದಲೇ ಬಂದದ್ದು, ಇಲ್ಲ ಅನ್ನುವುದಿಲ್ಲ. ಹಿರಿಯ ವೈದ್ಯ ಇದನ್ನೇ ಯಂತ್ರಗಾರನಿಗೆ ಹೇಳಿ, ನಮ್ಮ ವಾಡಿಕೆಯನ್ನು ನಿನ್ನ ಯಂತ್ರಕ್ಕೂ ಕಲಿಸು, ಆಗ ತೆಗೆದುಕೊಳ್ಳುತ್ತೇವೆ ಎಂದ.

ಯಂತ್ರಗಾರ ಹೋಗಿ ಕಲಿಸಿದ. ಎರಡು ಕಿವಿಗೂ ಕೇಳಿಸಿದ್ದು ಚಿತ್ರಕ್ಕೆ ಬರಬೇಕು, ಒಂದಕ್ಕೇ ಕೇಳಿಸಿದ್ದನ್ನು ಒರೆಸಿಬಿಡಬೇಕು. ಒಂದೇ ಕಿವಿ ಹೇಳಿದ ಮಾತು ಸುಳ್ಳೋ ನಿಜವೋ ಎಂದು ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿ, ಉಸಿರು ಹಿಡಿಸಿ, ಇನ್ನೊಂದು ದಿನ ಕರೆಸಿ ಮತ್ತೆ ಕೇಳುವ ದಾರಿಯೂ ಇತ್ತು. ಆ ದಾರಿಗೆ ಹೊತ್ತು ಬೇಕು, ತಾಳ್ಮೆ ಬೇಕು. ಒರೆಸುವುದಕ್ಕೆ ಏನು ಬೇಕು? ಚುಕ್ಕಿಗಳಲ್ಲಿ ಮುಕ್ಕಾಲು ಪಾಲು ಸುಳ್ಳು ಎಂಬುದು ನಿಜ. ಆ ಸುಳ್ಳಿನ ಜೊತೆ ಉಳಿದದ್ದನ್ನೂ ಗುಡಿಸಿ ಹೊರಗೆ ಹಾಕಿದ. ಯಂತ್ರದ ಹಿಂಬದಿಯಲ್ಲಿ ಒಂದು ಗುಂಡಿ ಮಾತ್ರ ಉಳಿಸಿಕೊಂಡ. ಅದನ್ನು ಒತ್ತಿದರೆ ಯಾವ ಕಿವಿಗೆ ಏನು ಕೇಳಿಸಿತು ಎಂಬುದು ಬೇರೆ ಬೇರೆಯಾಗಿ ಕಾಣುತ್ತಿತ್ತು. ರಿಪೇರಿಗೆ ಬೇಕಾದೀತು ಎಂದು ಇಟ್ಟದ್ದು.

ಚಿತ್ರ ತೊಳೆದ ಸ್ಲೇಟಿನಂತಾಯಿತು. ವೈದ್ಯರು ಹೊಗಳಿದ್ದೇ ಹೊಗಳಿದ್ದು. ಎರಡು ಕಿವಿ ಒಪ್ಪಿದ ಮೇಲೆ ಮೂರನೆಯ ಮಾತೇ ಇಲ್ಲ ಎಂದು ಊರೆಲ್ಲ ಆಡಿಕೊಂಡಿತು. ದೂರದ ಊರುಗಳಿಂದ ಜನ ಬಂದು ಸಾಲಲ್ಲಿ ನಿಂತು, ಒಳಗೆ ಏನೂ ಇಲ್ಲ ಎನ್ನಿಸಿಕೊಂಡು, ಪೇಢೆ ಹಂಚಿ ಹೋದರು. ಬೇರೆ ಆಸ್ಪತ್ರೆಗಳವರೂ ಬರತೊಡಗಿದರು. ಆ ಚುಕ್ಕಿಗಳೆಲ್ಲ ಏನಾದವು ಎಂದು ಯಾರಾದರೂ ಕೇಳಿದರೆ ಯಂತ್ರಗಾರ ನಗುತ್ತಾ, ಅವು ಬರೀ ಗದ್ದಲ ಎನ್ನುತ್ತಿದ್ದ. ಹೇಳಿ ಹೇಳಿ ಅವನಿಗೇ ಹಾಗೆ ನಂಬಿಕೆ ಬಂದುಹೋಯಿತು.

ಅವನಿಗೊಬ್ಬಳು ಅಕ್ಕ ಇದ್ದಳು. ತಾಯಿ ಸತ್ತಾಗ ಅವನಿನ್ನೂ ಹಾಲುಗಲ್ಲದವನು. ಅಕ್ಕ ತನ್ನ ಮದುವೆಯ ಮಾತುಕತೆಯಲ್ಲೇ, ತಮ್ಮನೂ ಜೊತೆಗೆ ಬರುತ್ತಾನೆ, ಒಪ್ಪುವುದಾದರೆ ತಾಳಿ ಕಟ್ಟಿ ಎಂದಿದ್ದಳಂತೆ. ಅತ್ತೆಮನೆಯವರು ಒಪ್ಪಿದರು, ಆದರೆ ಆ ಮಾತನ್ನು ಜನ್ಮಪೂರ್ತಿ ಮರೆಯಲಿಲ್ಲ. ಅವನು ತಿಂದ ಒಂದೊಂದು ತುತ್ತಿಗೂ ಅವಳು ಒಂದೊಂದು ಕೊಂಕು ಕೇಳಿದಳು. ಅವನನ್ನು ಓದಿಸಿದವಳು, ಮೊದಲ ಯಂತ್ರಕ್ಕೆ ಕೈಯ ಚಿನ್ನದ ಬಳೆ ಬಿಚ್ಚಿಕೊಟ್ಟವಳು ಅವಳೇ. ಅವನಿಗೆ ಭೂಮಿಯ ಮೇಲೆ ತನ್ನವರು ಅಂತ ಇದ್ದವಳೂ ಅವಳೊಬ್ಬಳೇ.

ಆ ಅಕ್ಕನಿಗೆ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಬಗ್ಗಿ ಕೊಡ ಎತ್ತಿದರೆ ಚುಳುಕ್ಕೆನ್ನುತ್ತಿತ್ತು. ಮನೆಯಲ್ಲಿ ಹೇಳಿದರೆ ಕೆಲಸಕ್ಕೆ ನೆವ ಅಂದರು. ಅವಳು ತಮ್ಮನ ಹತ್ತಿರ ಬಂದಳು. ಅವನು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು, ತನ್ನ ಯಂತ್ರವಿದ್ದ ಆಸ್ಪತ್ರೆಗೆ ಹೆಮ್ಮೆಯಿಂದಲೇ ಕರೆದೊಯ್ದ. ಹಿರಿಯ ವೈದ್ಯ ತಾನೇ ಕೂತು ನೋಡಿದ. ಚಿತ್ರ ಸ್ವಚ್ಛವಾಗಿತ್ತು. ಇನ್ನೊಬ್ಬ ವೈದ್ಯನೂ ಬೇರೆಯಾಗಿ ನೋಡಿ ಏನೂ ಇಲ್ಲವೆಂದ. ಏನೂ ಇಲ್ಲ ತಾಯಿ, ವಾಯು ಇರಬೇಕು ಎಂದು ಹೇಳಿ ವೈದ್ಯ ಎದ್ದು ಹೋದ. ಅಕ್ಕ ಪರದೆಯಾಚೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

ಯಂತ್ರಗಾರನ ಕೈ ಯಾಕೋ ಹಿಂಬದಿಯ ಗುಂಡಿಗೆ ಹೋಯಿತು. ಒತ್ತಿದ. ಹರಳಿನ ಕಿವಿ ಏನನ್ನೂ ಕೇಳಿರಲಿಲ್ಲ. ಗಾಜಿನ ಕಿವಿಯ ಚಿತ್ರದಲ್ಲಿ ಲಿವರಿನ ಅಂಚಿಗೆ, ಅವಳು ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ, ಒಂದು ಚುಕ್ಕಿ ಇತ್ತು.

ಅವನು ವೈದ್ಯನನ್ನು ಕರೆಯಲು ಬಾಗಿಲವರೆಗೆ ಹೋದ. ಹೋದವನು ನಿಂತ. ಈ ಒಂದು ಚುಕ್ಕಿ ನಿಜ ಎಂದು ಹೇಳಿದರೆ, ಹಾಗಾದರೆ ಇಷ್ಟು ದಿನ ಒರೆಸಿದ್ದೆಲ್ಲ ಏನು ಎಂಬ ಪ್ರಶ್ನೆ ಬರುತ್ತದೆ. ಪೇಢೆ ಹಂಚಿ ಹೋದವರ ಮುಖಗಳು ಅವನ ಕಣ್ಣ ಮುಂದೆ ಬಂದವು. ಆ ಮುಖಗಳನ್ನು ನೋಡಲಾರದೆ ಅವನು ಚುಕ್ಕಿಯನ್ನೇ ಸುಳ್ಳು ಮಾಡಿಕೊಂಡ. ಉಸಿರಿರಬೇಕು, ಕರುಳಿರಬೇಕು, ಮಂಚ ಅಲ್ಲಾಡಿರಬೇಕು ಎಂದುಕೊಂಡ. ಎರಡೂ ಕಿವಿ ಒಪ್ಪಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ. ಗುಂಡಿಯನ್ನು ಮೊದಲಿದ್ದ ಹಾಗೆ ಮಾಡಿ, ಅಕ್ಕನನ್ನು ಕರೆದು, ತೊಳೆದ ಸ್ಲೇಟಿನಂಥ ಆ ಚಿತ್ರವನ್ನು ತೋರಿಸಿದ. ನೋಡಕ್ಕ, ನಿನ್ನೊಳಗೆ ಏನೂ ಇಲ್ಲ ಎಂದ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಅವಳ ಹುಣ್ಣು ಅಂಗೈಯಲ್ಲಿರಲಿಲ್ಲ, ಒಳಗಿತ್ತು. ಕನ್ನಡಿ ತಮ್ಮನ ಕೈಯಲ್ಲಿತ್ತು. ಅವಳು ತನ್ನ ಮೈಯನ್ನು ಬಿಟ್ಟು ತಮ್ಮನನ್ನು ನಂಬಿದಳು.

ಅಂದಿನಿಂದ ಅವಳು ನೋವಿನ ಮಾತೆತ್ತಲಿಲ್ಲ. ಮನೆಯವರಿಗೆ ಈಗ ಗಟ್ಟಿ ಆಧಾರ ಸಿಕ್ಕಿತ್ತು. ಯಂತ್ರಕ್ಕೇ ಸಿಗದ ನೋವು ಇವಳಿಗೆ ಎಲ್ಲಿಂದ ಬಂತು, ಅದೂ ತಮ್ಮನದೇ ಯಂತ್ರ ಎಂದು ಆಡಿಕೊಂಡರು. ಅವಳು ಹಲ್ಲು ಕಚ್ಚಿ ಕೊಡ ಎತ್ತಿದಳು. ಅನ್ನ ಸೇರದಿದ್ದರೆ ಉಂಡಂತೆ ಮಾಡಿ ಎಲೆ ಮಡಚಿದಳು. ಒಮ್ಮೆ ತಮ್ಮ ಬಂದವನು ಅವಳ ಕೈಯ ಗಾಜಿನ ಬಳೆ ಮೊಳಕೈವರೆಗೆ ಜಾರುವುದನ್ನು ನೋಡಿ, ಈಗ ಹೇಗಿದೆ ಅಕ್ಕ ಎಂದು ಕೇಳಿದ. ಅವಳು ನಕ್ಕಳು. ಯಂತ್ರ ಇಲ್ಲ ಅಂದಮೇಲೂ ನೋಯ್ತದೆ ಅಂತ ಹೇಳೋಕೆ ನಾಚಿಕೆ ಆಗ್ತದೆ ಕಣೋ ಎಂದಳು. ಅವನು ಅಲ್ಲೇ ಬಾಯಿ ಬಿಡಬಹುದಿತ್ತು. ಆಗಲೂ ಹೊತ್ತು ಮೀರಿರಲಿಲ್ಲವೇನೋ. ಅವನು ಕಾಫಿ ಕುಡಿದು ಎದ್ದು ಬಂದ. ಆ ವಾರ ಇನ್ನೊಂದು ಆಸ್ಪತ್ರೆಯವರು ಯಂತ್ರ ನೋಡಲು ಬರುವವರಿದ್ದರು.

ಮುಂದಿನ ಬೇಸಿಗೆಯ ಹೊತ್ತಿಗೆ ಅವಳ ಕಣ್ಣು ಅರಿಶಿನವಾಯಿತು, ಹೊಟ್ಟೆ ಊದಿತು. ಹೊತ್ತುಕೊಂಡೇ ಆಸ್ಪತ್ರೆಗೆ ತಂದರು. ಹಿರಿಯ ವೈದ್ಯ ಮತ್ತೆ ಅದೇ ಯಂತ್ರದ ಹಿಡಿಯನ್ನು ಅವಳ ಪಕ್ಕೆಗೆ ಇಟ್ಟ. ಈ ಸಲ ಗುಂಡಿ ಒತ್ತಬೇಕಾದ ಅಗತ್ಯವೇ ಬೀಳಲಿಲ್ಲ. ಗಾಜಿನ ಕಿವಿಯೂ ಕೇಳಿತು, ಹರಳಿನ ಕಿವಿಯೂ ಕೇಳಿತು. ಇಬ್ಬರು ವೈದ್ಯರು ಬೇರೆ ಬೇರೆಯಾಗಿ ನೋಡಿ ಇಬ್ಬರೂ ಹೌದೆಂದರು. ಅಷ್ಟು ಸ್ಪಷ್ಟವಾದ ಚಿತ್ರ ಆ ಆಸ್ಪತ್ರೆಯಲ್ಲಿ ಹಿಂದೆ ಬಂದಿರಲಿಲ್ಲ. ಎಲ್ಲರೂ ಒಪ್ಪಿದ್ದರು. ಮಾಡಬೇಕಾದದ್ದು ಮಾತ್ರ ಏನೂ ಉಳಿದಿರಲಿಲ್ಲ.

ಯಂತ್ರಗಾರ ಅವಳ ಕಾಲ ಬಳಿ ಕೂತ. ಎಷ್ಟು ಕಟುಕನಾದರೂ ಅವನಿಗೆ ಆ ಕಾಲನ್ನು ಮುಟ್ಟದೆ ಇರಲಾಗಲಿಲ್ಲ. ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಚಿಕ್ಕಂದಿನಿಂದ ಸಾಕಿದವಳು, ಅವಳಿಗೆ ಬೇರೆ ಯಂತ್ರ ಬೇಕೇ?

“ಆವತ್ತೇ ಏನಾದರೂ ಕಂಡಿತ್ತೇನೋ?” ಎಂದು ಕೇಳಿದಳು.

“ಒಂದು ಕಿವಿ ಹೇಳಿತ್ತು ಅಕ್ಕ. ಇನ್ನೊಂದು ಒಪ್ಪಿರಲಿಲ್ಲ” ಎಂದ.

“ನೋಯ್ತದೆ ಅಂತ ನಾನೂ ಹೇಳಿದ್ದೆನಲ್ಲೋ. ಅದನ್ನ ಸೇರಿಸಿಕೊಂಡಿದ್ದರೆ ಎರಡಾಗ್ತಿತ್ತಲ್ಲ” ಎಂದಳು.

ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತು. ಗೋಡೆ ಕಡೆ ಮಗ್ಗುಲಾದಳು. ಆಮೇಲೆ ಅವನ ಜೊತೆ ಮಾತಾಡಲಿಲ್ಲ. ಕೆಲವು ದಿನಕ್ಕೆ ತೀರಿಕೊಂಡಳು.

ತಿಥಿಯೆಲ್ಲ ಮುಗಿದ ಮೇಲೆ ಯಂತ್ರಗಾರ ಹಿರಿಯ ವೈದ್ಯನ ಬಳಿ ಹೋಗಿ ಎಲ್ಲ ಹೇಳಿದ. ಯಂತ್ರಕ್ಕೆ ಕಲಿಸಿದ ಆ ಕಟ್ಟಳೆಯನ್ನು ತೆಗೆದುಹಾಕುತ್ತೇನೆ, ಚುಕ್ಕಿ ಬಂದರೆ ಬರಲಿ, ಒಂದೊಂದನ್ನೂ ಮತ್ತೆ ಮತ್ತೆ ಕೇಳಿ ನೋಡಿ ಎಂದು ಬೇಡಿಕೊಂಡ. ವೈದ್ಯ ಕೆಟ್ಟವನಲ್ಲ. ಅವನ ಹೆಗಲ ಮೇಲೆ ಕೈಯಿಟ್ಟ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದಿದ್ದೀಯ, ಇಷ್ಟು ದಿನ ಏನೂ ಇಲ್ಲವೆಂದು ಹೇಳಿ ಕಳಿಸಿದವರನ್ನೆಲ್ಲ ಈಗ ಯಾವ ಬಾಯಲ್ಲಿ ವಾಪಸ್ಸು ಕರೆಯುತ್ತೀಯ ಎಂದ. ಜನಕ್ಕೆ ಈಗ ಸ್ವಚ್ಛ ಚಿತ್ರವೇ ಬೇಕು, ಎಳ್ಳು ಚೆಲ್ಲಿದ ಹಪ್ಪಳ ಯಾರಿಗೂ ಬೇಡ ಎಂದ. ಯಂತ್ರಗಾರ ಮನೆಗೆ ಹೋದ. ಯಂತ್ರ ಈಗಲೂ ಅಲ್ಲೇ ಇದೆ. ಎರಡು ಕಿವಿಯೂ ಕೇಳುತ್ತಿವೆ. ಜನ ಸಾಲಲ್ಲಿ ನಿಂತಿದ್ದಾರೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮುಂದೆ ಏನೋ ಬರುತ್ತದೆ ಎಂದು ಶಿಷ್ಯ ಕಾದ. ಬರಲಿಲ್ಲ. ದಿನಾ ತೀರ್ಪು ಹೇಳಿ ರೂಢಿಯಾದವನು, ಇದಕ್ಕೂ ಹೇಳಿದ.

“ತಪ್ಪೆಲ್ಲ ಆ ಯಂತ್ರಗಾರನದೇ, ಬುದ್ಧಿ. ಕಂಡಮೇಲಾದರೂ ಅವನು ಬಾಯಿ ಬಿಡಬೇಕಿತ್ತು.”

“ಅವನದು ಹಾಗಿರಲಿ ಮರಿ, ನಿನ್ನ ಆ ಇಬ್ಬರು ಹಿರಿಯರಲ್ಲಿ ಈಚೆಗೆ ಮಾತಾಡುವುದನ್ನೇ ಬಿಟ್ಟವರು ಯಾರು?” ಎಂದರು ಗುರುಗಳು.